ಬೆಳೆಯಲಿ ಎಂದು ಬೇಡಿದ್ದು

ಔರಾದ ಬಸ್ಸಿನಲ್ಲಿ ನನ್ನ ಪಕ್ಕ ಕೂರುವ ಹೆಂಗಸರಲ್ಲಿ ಈಗ ಎರಡು ಥರ. ಒಂದು ಥರದವರು ನನ್ನ ತಲೆ ನೋಡಿದ ಕೂಡಲೇ ಕಿಟಕಿಯ ಕಡೆ ತಿರುಗುತ್ತಾರೆ. ಇನ್ನೊಂದು ಥರದವರು ದನಿ ತಗ್ಗಿಸಿ, "ಟೀಚರಮ್ಮ, ನಿಮಗ ಅದಾ ಆಗಿತ್ತಂತಲ್ರಿ?" ಎಂದು ಕೇಳುತ್ತಾರೆ. ಅದು ಎಂದರೆ ಯಾವುದು ಎಂದು ನಾನು ಬೇಕೆಂದೇ ಕೇಳುತ್ತೇನೆ. ಅವರು ಹೇಳುವುದಿಲ್ಲ. ಕ್ಯಾನ್ಸರ್ ಎಂದು ಬಾಯಿಬಿಟ್ಟರೆ ಮುಂದಿನ ಸ್ಟಾಪಿನಲ್ಲಿ ಅದೇ ಹತ್ತಿ ಬಂದು ಮಡಿಲಲ್ಲಿ ಕೂರುತ್ತದೆ ಎಂಬ ಭಯ. ಮೊದಲು ನಾನೂ ಹೀಗೇ ಇದ್ದೆ, ಆದ್ದರಿಂದ ಬೈಯುವ ಹಕ್ಕು ನನಗಿಲ್ಲ.

ಇದನ್ನು ಬರೆಯುತ್ತಿರುವುದು ದನಿ ತಗ್ಗಿಸಿ ಕೇಳುವವರಿಗಾಗಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಅದು ಆಗಿತ್ತು ಅಲ್ಲ, ಇದೆ. ಪೂರಾ ವಾಸಿಯಾದವಳ ಕಥೆಯೇ ಬೇಕೆನ್ನುವವರು ಇಲ್ಲಿಗೇ ಇಳಿದುಕೊಳ್ಳಬಹುದು.

ನನ್ನ ಹೆಸರು ಕರುಣಾ. ಮನೆ ಭಾಲ್ಕಿಯಲ್ಲಿ. ನೌಕರಿ ಔರಾದದ ಒಂದು ಹೈಸ್ಕೂಲಿನಲ್ಲಿ, ಕನ್ನಡ ಪಾಠ. ಗಂಡ ಸುಧಾಕರ ಭಾಲ್ಕಿ ಬಜಾರಿನಲ್ಲಿ ಬೀಜ, ಗೊಬ್ಬರ, ಎಣ್ಣೆಯ ಅಂಗಡಿ ಇಟ್ಟಿದ್ದಾರೆ. ಎಣ್ಣೆ ಎಂದರೆ ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧ. ಮಗಳು ಗ್ರೇಸಿ ಬೀದರಿನ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಮನೆಯ ಯಜಮಾನಿಕೆ ನನ್ನ ಅತ್ತೆ ರತ್ನಾಬಾಯಿಯವರದು. ನಾವು ಮೆಥಡಿಸ್ಟ್ ಸಭೆಯ ಕ್ರೈಸ್ತರು, ಹೆಂಗಸರ ಗುರುವಾರದ ಪ್ರಾರ್ಥನೆ ಕೂಟವನ್ನು ಅತ್ತೆಯೇ ನಡೆಸುತ್ತಾರೆ. ದೇವರ ಹತ್ತಿರ ಅವರಿಗೆ ಸಲುಗೆ ಜಾಸ್ತಿ. ಕೇಳಿದ್ದು ಬೇಗ ಕೊಡದಿದ್ದರೆ ಜಗಳಕ್ಕೇ ನಿಲ್ಲುತ್ತಾರೆ.

ಗಂಟು ನನ್ನ ಕೈಗೆ ಸಿಕ್ಕಿದ್ದು ವಾರ್ಷಿಕ ಪರೀಕ್ಷೆಯ ಪೇಪರು ತಿದ್ದುವ ಕಾಲದಲ್ಲಿ. ಎಡ ಎದೆಯಲ್ಲಿ, ಒತ್ತಿದರೂ ನೋಯದ ಗಂಟು. ನೋಯದ್ದು ರೋಗವಲ್ಲ ಎಂದು ನಮ್ಮ ಕಡೆಯ ಎಲ್ಲ ಹೆಂಗಸರ ಹಾಗೆ ನಾನೂ ನಂಬಿದ್ದೆ. ಪೇಪರು ಮುಗಿಸಿ, ರಜೆಯಲ್ಲಿ ಅಕ್ಕನ ಮಗನ ಮದುವೆ ಮುಗಿಸಿ, ಆಮೇಲೆ ಬೀದರಿಗೆ ಹೋದೆವು. ಅಲ್ಲಿ ಸೂಜಿ ಹಾಕಿ ಚೂರು ತೆಗೆದರು. ರಿಪೋರ್ಟು ಬಂದ ದಿನ ಡಾಕ್ಟರು ನನ್ನನ್ನು ಬಿಟ್ಟು ನನ್ನ ಗಂಡನ ಮುಖ ನೋಡುತ್ತ, "ಮಿಸೆಸ್‌ಗೆ ಸ್ವಲ್ಪ ಹೈದ್ರಾಬಾದಿಗಿ ಒಯ್ಬೇಕಾಗ್ತದರಿ" ಎಂದರು. ಸ್ವಲ್ಪ ಎಂದರೆ ಎಷ್ಟು? ಕೈಯೋ, ಕಾಲೋ?

"ಸಾಹೇಬ್ರ, ಗಂಟು ನನ್ನ ಕಡಿ ಅದ. ನನಗ ಹೇಳ್ರಿ" ಎಂದೆ.

ಅವರು ಹೇಳಿದರು. ಕೇಳಿದ ಮೇಲೆ ಯಾಕಾದರೂ ಕೇಳಿದೆನೋ ಅನಿಸಿತು. ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತೆವು. ನನ್ನ ಗಂಡ ತಟ್ಟೆಯಲ್ಲಿದ್ದ ಮಂಡಕ್ಕಿ ಸುಸಲಾವನ್ನು ಚಮಚದಿಂದ ಆ ಕಡೆ ಈ ಕಡೆ ಸರಿಸುತ್ತಿದ್ದರು. ನಾನು ಪೂರ್ತಿ ತಿಂದೆ. ಹಸಿವಾಗಿತ್ತು. ಆ ದಿನ ಹಸಿವಾದದ್ದಕ್ಕೆ ಎಷ್ಟೋ ವಾರ ನಾಚಿಕೆಪಟ್ಟಿದ್ದೇನೆ.

ಅತ್ತೆ ಅಳಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, "ಇದು ಹೋಗ್ತದ. ನಾ ಅವನ್ನ ಕೇಳೀನಿ" ಎಂದರು. ಅವನು ಎಂದರೆ ಯಾರೆಂದು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಅತ್ತೆಯ ಆ ಖಾತ್ರಿ ಆಗ ನನ್ನ ಮೈಯುರಿಸುತ್ತಿತ್ತು. ಮನೆಗೆ ಬೆಂಕಿ ಬಿದ್ದಾಗ ಯಾರಾದರೂ ಹಾಡು ಹೇಳುತ್ತ ಕೂತರೆ ಹೇಗಿರುತ್ತದೋ ಹಾಗೆ.

ಆಮೇಲೆ ಭಾಲ್ಕಿಯಿಂದ ರೈಲು ಹತ್ತಿ ಹೈದರಾಬಾದಿಗೆ ಹೋಗಿ ಬರುವುದೇ ಬದುಕಾಯಿತು. ಆ ಆಸ್ಪತ್ರೆಯ ಹಾಲಿನಲ್ಲಿ ಕಬ್ಬಿಣದ ಕುರ್ಚಿಗಳ ಸಾಲು. ಎಲ್ಲರ ಕೈಯಲ್ಲೂ ಎಕ್ಸ್‌ರೇ ಹಾಳೆಯ ಕೈಚೀಲ. ಹೆಸರು ಕೂಗುವವರು ನನ್ನನ್ನು ಕರುಣಮ್ಮ ಮಾಡಿದರು. ನಮ್ಮ ಕಡೆಯವರು ಅಲ್ಲಿ ಮಾತಿನಲ್ಲೇ ಗುರುತು ಸಿಗುತ್ತಿದ್ದರು. ಸಾಯಗಾಂವದ ಒಬ್ಬಾಕೆ ನನ್ನ "ಹೌದ್ರಿ" ಕೇಳಿ ದೂರದಿಂದ ಎದ್ದು ಬಂದು ಪಕ್ಕದಲ್ಲಿ ಕೂತಳು. ಖಡಕ್ ರೊಟ್ಟಿ ಮುರಿದು ಶೇಂಗಾ ಹಿಂಡಿ ಚಟ್ನಿ ಹಾಕಿ ಕೊಟ್ಟಳು. ಕೀಮೋ ಔಷಧದಿಂದ ನನ್ನ ಬಾಯೆಲ್ಲ ಹುಣ್ಣಾಗಿತ್ತು, ಆದರೂ ತಿಂದೆ. ಎರಡು ಮೂರು ಸಲ ಹೀಗೇ ಸಿಕ್ಕಳು. ಆಮೇಲೆ ಅವಳ ಗಂಡನೊಬ್ಬನೇ ಯಾವುದೋ ರಿಪೋರ್ಟು ಒಯ್ಯಲು ಬಂದಿದ್ದ. ನನ್ನನ್ನು ಕಂಡು ತಲೆಯಾಡಿಸಿದ, ಅಷ್ಟೇ. 

ಕೂದಲು ಹೋದಾಗ ಕೈಹಿಡಿದವಳು ನನ್ನ ಸಹೋದ್ಯೋಗಿ ಶಾಹೀನ್. ಅವಳು ಉರ್ದು ಟೀಚರ್, ದಿನಾ ಒಂದೇ ಬಸ್ಸಿನಲ್ಲಿ ಹೋಗಿ ಬರುವವರು ನಾವು. ತನ್ನ ಸ್ಕಾರ್ಫು ತಂದು, ಸ್ಟಾಫ್‌ರೂಮಿನ ಬಾಗಿಲು ಹಾಕಿ, ಪಿನ್ನು ಎಲ್ಲೆಲ್ಲಿ ಚುಚ್ಚಬೇಕೆಂದು ಕಲಿಸಿದಳು. ಮರುದಿನ ಕಂಡಕ್ಟರ್ ನನ್ನನ್ನೂ ಮುಸ್ಲಿಂ ಹೆಂಗಸೆಂದುಕೊಂಡು, "ಆಪಾ, ಆಗೇ ಬೈಠೋ" ಎಂದ. ಶಾಹೀನ್ ಔರಾದ ಬರುವತನಕ ನಕ್ಕಳು. "ನೋಡು, ನಿಮ್ಮ ಅತ್ತಿಗಿ ಹೇಳಬ್ಯಾಡ ಮತ್ತ. ಸೊಸಿನ್ನ ಕಸಗೊಂಡ್ಳು ಅಂತ ನನ್ನ ಮ್ಯಾಲ ಉಪವಾಸ ಕೂಡ್ತಾರ." ನಾನೂ ನಕ್ಕೆ. 

ಆಪರೇಶನ್ ಆಯಿತು. ಎಡಗಡೆ ಸಪಾಟಾಯಿತು. ಇನ್ನು ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಕೊರಳ ಬುಡದ ಎಲುಬಿನ ಮೇಲೆ ಹುಣಸೆ ಬೀಜದಂಥದ್ದು ಕೈಗೆ ಹತ್ತಿತು. ಸ್ಕ್ಯಾನಿನಲ್ಲಿ ಪಿತ್ತಜನಕಾಂಗದಲ್ಲೂ ಚುಕ್ಕಿಗಳು ಕಂಡವು. ಔಷಧ ಬದಲಿಸಿದರು. ಹೊಸ ಔಷಧ ನನ್ನ ಉಗುರು ಕಪ್ಪು ಮಾಡಿತು, ಕಾಲಿನ ಬೆರಳುಗಳನ್ನು ಮರಗಟ್ಟಿಸಿತು, ಬೋರ್ಡಿನ ಮೇಲೆ ಬರೆಯಲು ಸೀಮೆಸುಣ್ಣ ಹಿಡಿಯಲಾಗದ ಹಾಗೆ ಮಾಡಿತು. ಗಡ್ಡೆಗೆ ಮಾತ್ರ ಏನೂ ಮಾಡಲಿಲ್ಲ. ಗ್ರೇಸಿ ರವಿವಾರ ಮನೆಗೆ ಬಂದರೆ ಬಚ್ಚಲಮನೆಯಲ್ಲಿ ಬಹಳ ಹೊತ್ತು ಇರತೊಡಗಿದಳು. ಒಳಗೆ ತನ್ನ ಮೈಯನ್ನು ತಾನೇ ಒತ್ತಿ ಒತ್ತಿ ನೋಡಿಕೊಳ್ಳುತ್ತಾಳೆಂದು ನನಗೆ ಗೊತ್ತಿತ್ತು. ರೋಗದಲ್ಲಿ ನನಗೆ ಎಲ್ಲಕ್ಕಿಂತ ಸಂಕಟವಾದದ್ದು ಆ ಬಾಗಿಲಿನ ಹೊರಗೆ ನಿಂತಾಗ.

ಆಗ ಹೈದರಾಬಾದಿನಲ್ಲಿ ನನ್ನನ್ನು ನೋಡುತ್ತಿದ್ದ ಡಾಕ್ಟರಮ್ಮ ಹೊಸದೊಂದು ಮಾತು ತೆಗೆದರು. ಅವರು ತೆಲುಗಿನವರು, ನಮ್ಮ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದರು, ನನ್ನ ಮುಖ ನೋಡಿಯೇ ಮಾತಾಡುತ್ತಿದ್ದರು. ಗಡ್ಡೆಯ ಜೀವಂತ ಚೂರೊಂದನ್ನು ತೆಗೆದು ಲ್ಯಾಬಿನಲ್ಲಿ ಬೆಳೆಸುತ್ತಾರೆ. ಅದರಿಂದ ಕಣ್ಣಿಗೆ ಕಾಣುವುದೂ ಕಷ್ಟ ಎನ್ನುವಂಥ ಪುಟ್ಟ ಗಡ್ಡೆಗಳಾಗುತ್ತವೆ, ಆರ್ಗನಾಯ್ಡ್ ಎನ್ನುತ್ತಾರೆ. ಬೇರೆ ಬೇರೆ ಔಷಧಗಳನ್ನು ಮೊದಲು ಅವುಗಳ ಮೇಲೆ ಹಾಕಿ, ಯಾವುದಕ್ಕೆ ಸಾಯುತ್ತವೆ ಎಂದು ನೋಡಿ, ಅದನ್ನು ನನಗೆ ಕೊಡುವ ವಿಚಾರ. ಇದು ಇನ್ನೂ ಅಧ್ಯಯನದ ಹಂತ, ಬೆಳೆಯದೆಯೂ ಇರಬಹುದು, ಅಲ್ಲಿ ಆದದ್ದು ಮೈಯಲ್ಲಿ ಆಗುತ್ತದೆಂಬ ಗ್ಯಾರಂಟಿಯೂ ಇಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಬೇರೆ ದಾರಿ ಏನಿದೆ ಎಂದು ಕೇಳಿದೆ. ಇರುವ ಔಷಧಗಳನ್ನೇ ಒಂದೊಂದಾಗಿ ನಿಮ್ಮ ಮೇಲೆ ನೋಡುವುದು ಎಂದರು. ಎಷ್ಟು ನೋಡುವಷ್ಟು ಕಾಲ ನನ್ನ ಹತ್ತಿರವಿದೆ ಎಂದು ಕೇಳಲು ಬಾಯಿ ಬರಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ನನ್ನ ಗಂಡ, "ಹೊಲಕ್ಕೆಲ್ಲ ಹೊಡಿಯೋ ಮೊದಲ ಎರಡ ಸಾಲಿಗಿ ಹೊಡದು ನೋಡ್ರಿ ಅಂತ ನಾ ರೈತರಿಗಿ ಹೇಳ್ತೀನಲ್ಲ, ಹಂಗಾ ಇದು" ಎಂದರು. ಎಷ್ಟೋ ತಿಂಗಳ ನಂತರ ಅವರ ಮುಖದಲ್ಲಿ ಸ್ವಲ್ಪ ಬೆಳಕು ಕಂಡೆ. ಮನೆಗೆ ಬಂದವರೇ ಚಪ್ಪಲಿ ಬಿಡುತ್ತ, "ಅವ್ವಾ, ಕರುಣಾನ ಗಡ್ಡಿ ಹೈದ್ರಾಬಾದಿನ್ಯಾಗ ಬೆಳಸ್ತಾರಂತ" ಎಂದರು. ಅಷ್ಟರಲ್ಲಿ ಅಂಗಡಿಯಿಂದ ಫೋನು ಬಂತು, ಎದ್ದು ಹೋದರು. ಅರ್ಧ ಮಾತು ಹೇಳಿ ಎದ್ದು ಹೋಗುವುದು ಅವರ ಹುಟ್ಟುಗುಣ. ಉಳಿದರ್ಧ ನಾನಾದರೂ ಹೇಳಬೇಕಿತ್ತು. ಸುಸ್ತಾಗಿ ಮಲಗಿಬಿಟ್ಟೆ.

ಆ ಅರ್ಧ ಮಾತು ಅತ್ತೆಯ ತಲೆಯಲ್ಲಿ ಏನಾಯಿತೆಂದು ನಮಗೆ ಗೊತ್ತಾದದ್ದು ಚೂರು ಕೊಟ್ಟು ಬಂದು ಕೆಲವು ವಾರ ಕಾದ ಮೇಲೆ. ಆಸ್ಪತ್ರೆಯಿಂದ ಫೋನು ಬಂತು. ಚೂರು ಹತ್ತಲಿಲ್ಲ, ಬೆಳೆಯಲಿಲ್ಲ, ಸತ್ತಿದೆ. ನಾನು ಫೋನಿಟ್ಟು ಗೋಡೆಗೆ ಒರಗಿದೆ. "ಬೆಳೀಲಿಲ್ಲಂತ" ಎಂದೆ.

ಅತ್ತೆ ಎರಡೂ ಕೈ ಮೇಲಕ್ಕೆತ್ತಿದರು. "ಸ್ತೋತ್ರ ಸ್ವಾಮಿ! ಒಣಗಿ ಹೋಯ್ತು! ನಾ ಹೇಳಿದ್ದಿಲ್ಲಾ? ಇಡೀ ಕೂಟ ಉಪವಾಸ ಮಾಡೀವಿ. ಹೈದ್ರಾಬಾದಿನ್ಯಾಗಿಂದು ಬೇರಿನಿಂದ ಒಣಗ್ಲಿ ಅಂತ ಕೇಳೀವಿ!"

ಅವರ ಲೆಕ್ಕದಲ್ಲಿ ತಪ್ಪೇನಿತ್ತು? ಡಾಕ್ಟರುಗಳು ಗಡ್ಡೆಯನ್ನು ಹೈದರಾಬಾದಿಗೆ ಒಯ್ದಿದ್ದಾರೆ, ಅದು ಅಲ್ಲಿ ಬೆಳೆಯುತ್ತಿದೆ, ಅದು ಸಾಯಬೇಕು. ಇದನ್ನು ಈಗ ಹೀಗೆ ಶಾಂತವಾಗಿ ಬರೆಯುತ್ತೇನೆ. ಅವತ್ತು ಶಾಂತಿ ಎಲ್ಲಿತ್ತು?

"ಅತ್ತೀ, ಯಾನ್ ಕೇಳಿದ್ರಿ ನೀವು? ಅದು ಬೆಳೀಬೇಕಿತ್ತು! ಅದು ಬೆಳದಿದ್ರ ನನಗ ಯಾವ ಔಷಧ ಅಂತ ತಿಳೀತಿತ್ತು. ಕೈ ಮುಗೀತೀನಿ, ನನ್ನ ಸಲುವಾಗಿ ಇನ್ನ ಏನೂ ಕೇಳಬ್ಯಾಡ್ರಿ!"

ಎತ್ತಿದ ಕೈ ಹಾಗೇ ನಿಂತಿತು. ಆಮೇಲೆ ಮೆಲ್ಲಗೆ ಕೆಳಗಿಳಿಯಿತು. ಚೂರು ಹತ್ತದಿರುವುದು ಸಾಮಾನ್ಯ, ಎಷ್ಟೋ ಜನರದ್ದು ಹತ್ತುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದನ್ನು ನನ್ನ ಗಂಡ ಸಂಜೆ ಬಂದು ಅತ್ತೆಗೆ ಬಿಡಿಸಿ ಬಿಡಿಸಿ ಹೇಳಿದರು. ಈ ಸಲ ಪೂರ್ತಿ ಹೇಳಿದರು. ಅತ್ತೆ ಕೇಳಿಸಿಕೊಂಡು, "ಹಂಗಾದ್ರ ನಾ ಉಲ್ಟಾ ಕೇಳೀನಿ" ಎಂದಷ್ಟೇ ಅಂದರು. ಬೆಳೆಯದಿರಲು ಕಾರಣ ತಾವೇ ಎಂಬುದು ಅವರ ಮನಸ್ಸಿನಿಂದ ಹೋಗಲಿಲ್ಲ. ಕೇಳಿದ್ದು ಕೊಡುವ ದೇವರನ್ನು ನಂಬಿದವರಿಗೆ ಅದೊಂದು ಕಷ್ಟ.

ಎರಡನೇ ಸಲ ಕೊರಳಿನ ಗಡ್ಡೆಯಿಂದ ಚೂರು ತೆಗೆದರು. ಅದು ಅಷ್ಟರಲ್ಲಿ ನೆಲ್ಲಿಕಾಯಿಯಷ್ಟಾಗಿತ್ತು. ಆ ಗುರುವಾರ ಅತ್ತೆ ನನ್ನನ್ನೂ ಕೂಟಕ್ಕೆ ಕರೆದೊಯ್ದರು. ಚಾಪೆಯ ಮೇಲೆ ಕೂತಿದ್ದ ಹೆಂಗಸರಿಗೆ ವಿಷಯ ಬಿಡಿಸಿ ಹೇಳಿದರು. ಹೆಂಗಸರು ಮುಖ ಮುಖ ನೋಡಿಕೊಂಡರು.

"ರೋಗ ಬೆಳೀಲಿ ಅಂತ ಹ್ಯಾಂಗ ಕೇಳ್ಬೇಕ್ರಿ ಬಾಯೀ? ಶಾಪ ಹಾಕಿದಂಗ ಆಗ್ತದಲ್ರಿ" ಎಂದಳು ಒಬ್ಬಳು.

 ಅತ್ತೆ ಮೊಣಕಾಲೂರಿದರು. ಗಂಟಲು ಸರಿಮಾಡಿಕೊಂಡರು, ಮತ್ತೆ ಸರಿಮಾಡಿಕೊಂಡರು. ಪ್ರಾರ್ಥನೆಗೆ ಮಾತು ಸಿಗದೆ ಅವರು ತಡವರಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಕೊನೆಗೆ ಕಣ್ಣು ಗಟ್ಟಿಯಾಗಿ ಮುಚ್ಚಿ ಒಂದೇ ಉಸಿರಿಗೆ ಹೇಳಿದರು:

"ಸ್ವಾಮಿ, ಹೈದ್ರಾಬಾದಿಂದು ಬೆಳೀಲಿ. ಭಾಲ್ಕಿದು ಬ್ಯಾಡ. ಹೈದ್ರಾಬಾದಿಂದು. ಗಲತ್ ಮಾಡ್ಕೋಬ್ಯಾಡ."

ನನಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ. ಪಕ್ಕದವರು ನಾನು ಅಳುತ್ತಿದ್ದೇನೆಂದುಕೊಂಡು ಬೆನ್ನು ಸವರಿದರು. ಸವರುತ್ತ ಸವರುತ್ತ ನಿಜಕ್ಕೂ ಅಳು ಬಂತು.

ಬಸ್ಸಿನಲ್ಲಿ ಇದನ್ನು ಶಾಹೀನ್‌ಗೆ ಹೇಳಿದೆ. ಅವಳು ನಗಲಿಲ್ಲ. "ಹಂಗಾದ್ರ ನಾ ದುವಾದಾಗ ಏನ್ ಕೇಳ್ಲಿ, ಬರಾಬರ್ ಹೇಳು. ಬೆಳೀಲಿ ಅಂತನೋ, ಸಾಯ್ಲಿ ಅಂತನೋ?"

"ಮೊದಲ ಬೆಳೀಲಿ. ಆಮ್ಯಾಗ ಸಾಯ್ಲಿ."

"ಯಾ ಅಲ್ಲಾ, ಎಷ್ಟು ಉದ್ದ ಅದ ನಿನ್ನ ಕೆಲಸ" ಎಂದು ಅವಳು ನನ್ನ ಕಪ್ಪು ಉಗುರಿನ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡಳು. ಔರಾದ ಬರುವತನಕ ಬಿಡಲಿಲ್ಲ.

ಈ ಸಲ ಹತ್ತಿತು. ಫೋನು ಮಾಡಿದ ಹುಡುಗಿ ಖುಷಿಯಲ್ಲಿದ್ದಳು. ಚೆನ್ನಾಗಿ ಬೆಳೆಯುತ್ತಿದೆ ಮೇಡಂ, ಬಹಳ ಜೋರಾಗಿ ಬೆಳೆಯುತ್ತಿದೆ ಎಂದಳು. ಫೋಟೋ ಕಳಿಸಿದಳು. ನೆನೆಸಿಟ್ಟ ಸಾಬೂದಾನಿಯ ಹಾಗೆ ದುಂಡು ದುಂಡು ಕಾಳುಗಳು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, "ಇಷ್ಟ ಚಂದ ಅದಾವಲ್ಲ" ಎಂದರು. ನನ್ನ ಗಂಡ ಬಜಾರಿಗೆ ಓಡಿಹೋಗಿ ಪೇಢೆ ತಂದರು. ಆಜುಬಾಜು ಮನೆಗಳಿಗೂ ಕೊಟ್ಟೆವು. ಏನು ವಿಶೇಷ ಎಂದು ಕೇಳಿದವರಿಗೆ ಏನು ಹೇಳಬೇಕು ತಿಳಿಯದೆ, ಗ್ರೇಸಿ ಪಾಸಾದಳು ಎಂದೆವು.

ಪೇಢೆ ಬಾಯಲ್ಲಿರುವಾಗಲೇ ನನಗೆ ಹೊಳೆಯಿತು. ಜೋರಾಗಿ ಬೆಳೆಯುತ್ತಿರುವುದು ನಾನೇ ಹೊತ್ತಿರುವ ಗಡ್ಡೆಯ ತುಣುಕು. ಗಾಜಿನ ಬಟ್ಟಲಲ್ಲಿ ಅಷ್ಟು ಜೋರಿದ್ದರೆ, ಬಿಸಿ ರಕ್ತ, ಅನ್ನ ನೀರು ಸಿಗುವ ಇಲ್ಲಿ ಎಷ್ಟು ಜೋರಿರಬೇಕು? ನನ್ನ ಗಂಡನ ಮುಖ ನೋಡಿದೆ. ಅವರಿಗೂ ಆಗಲೇ ಹೊಳೆದಿತ್ತು. ಬೀಜದ ಅಂಗಡಿಯವರಲ್ಲವೇ, ನನಗಿಂತ ಮೊದಲೇ ಹೊಳೆದಿರಬೇಕು. ಪೇಢೆಯ ಡಬ್ಬಿ ಮುಚ್ಚಿ ಒಳಗಿಟ್ಟರು. ಇರುವೆ ಹತ್ತುವತನಕ ಅದನ್ನು ಯಾರೂ ಮುಟ್ಟಲಿಲ್ಲ.

ಔಷಧ ಹಾಕಿ ನೋಡಿದ ಫಲಿತಾಂಶ ಹೇಳಲು ಡಾಕ್ಟರಮ್ಮ ಕರೆಸಿದರು. ಹೆಚ್ಚಿನ ಔಷಧಗಳಿಗೆ ಆ ಕಾಳುಗಳು ಜಗ್ಗಿರಲಿಲ್ಲ. ನನ್ನ ಉಗುರು ಕಪ್ಪಾಗಿಸಿದ ಔಷಧಕ್ಕಂತೂ ಏನೂ ಆಗಿಯೇ ಇಲ್ಲದವರ ಹಾಗೆ ಕೂತಿದ್ದವಂತೆ. ಎಷ್ಟು ವಾಂತಿ, ಎಷ್ಟು ಜ್ವರ, ಕಾಲು ಊರಲಾಗದೆ ಗೋಡೆ ಹಿಡಿದು ನಡೆದ ಎಷ್ಟು ದಿನ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮೇಜಿನ ಮೇಲಿದ್ದುದನ್ನೆಲ್ಲ ಎತ್ತಿ ಎಸೆಯಬೇಕೆನಿಸಿತು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ಹುಡುಕಿದೆ, ಯಾರೂ ಸಿಗಲಿಲ್ಲ. ಒಂದೇ ಒಂದು ಜೋಡಿ ಔಷಧಕ್ಕೆ ಕಾಳುಗಳು ಬಹುಪಾಲು ಸತ್ತಿದ್ದವು. ಅದನ್ನೇ ಶುರುಮಾಡಿದರು.

ಕೊರಳಿನ ಗಡ್ಡೆ ಕರಗತೊಡಗಿತು. ದಿನಾ ಬೆಳಿಗ್ಗೆ ಎದ್ದು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನೆಲ್ಲಿಕಾಯಿ ಹೋಗಿ ಕಡಲೆಯಷ್ಟಾಯಿತು. ಅಲ್ಲಿಗೆ ನಿಂತಿತು. ಒಳಗಿನ ಚುಕ್ಕಿಗಳು ಸಣ್ಣವಾದವು, ಹೋಗಲಿಲ್ಲ. ಮುಂದಿನ ಸಲ ಅತ್ತೆ ಹಟ ಹಿಡಿದು ನಮ್ಮ ಜೊತೆ ಹೈದರಾಬಾದಿಗೆ ಬಂದರು. ಡಾಕ್ಟರಮ್ಮನನ್ನು ತಮಗೆ ಬರುವ ಹಿಂದಿಯಲ್ಲಿ ನೇರವಾಗಿ ಕೇಳಿದರು. ಬಟ್ಟಲಲ್ಲಿ ಸತ್ತದ್ದು ಇವಳಲ್ಲಿ ಯಾಕೆ ಸಾಯುವುದಿಲ್ಲ?

ಡಾಕ್ಟರಮ್ಮ ಕುರ್ಚಿಯನ್ನು ಅತ್ತೆಯ ಕಡೆ ತಿರುಗಿಸಿದರು. ಬಟ್ಟಲಲ್ಲಿ ರೋಗ ಮಾತ್ರ ಇದೆ ಅಮ್ಮ, ಎಷ್ಟು ಬೇಕಾದರೂ ಔಷಧ ಸುರಿಯಬಹುದು. ಇಲ್ಲಿ ನಿಮ್ಮ ಸೊಸೆಯೂ ಇದ್ದಾಳೆ, ಅವಳು ಸಾಯುವ ಮುಂಚೆ ನಾವು ಕೈ ತಡೆಯಬೇಕು ಎಂದರು. ಈ ಔಷಧ ಎಷ್ಟು ದಿನ ಹಿಡಿದಿಡುತ್ತದೋ ಅಷ್ಟು ದಿನ. ಅದು ಸೋತಾಗ ಮತ್ತೊಂದು ಚೂರು, ಮತ್ತೊಂದು ಹುಡುಕಾಟ. ಅತ್ತೆ ತಲೆಯಾಡಿಸುತ್ತ ಕೇಳಿದರು. ವಾಪಸು ಬರುವಾಗ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದರು. ಬೀದರ ಬಂತು ಎಂದು ನಾನು ಹೇಳಿದ್ದೂ ಅವರಿಗೆ ಕೇಳಿಸಲಿಲ್ಲ.

ನಮ್ಮ ಸಭೆಯಲ್ಲಿ ಕಾಯಿಲೆಯಿಂದ ಎದ್ದವರು ರವಿವಾರ ಆರಾಧನೆಯಲ್ಲಿ ನಿಂತು ಸಾಕ್ಷಿ ಹೇಳಬೇಕು. ದೇವರು ನನಗೆ ಹೀಗೆ ಮಾಡಿದ ಎಂದು ಹೇಳುವುದು, ಸಭೆಯವರು ಹಲ್ಲೆಲೂಯ ಎನ್ನುವುದು. ನಾನು ಮತ್ತೆ ಸಾಲೆಗೆ ಹೋಗತೊಡಗಿದ್ದನ್ನು ನೋಡಿ ಸಭೆಯ ಪಾಲಕರು, ಅಂದರೆ ಪಾಸ್ಟರು, ನನ್ನ ಹೆಸರು ಕರೆದರು. ಎದ್ದು ನಿಂತೆ. ವಾಸಿಯಾಗಿದೆ ಎಂದು ಒಂದು ಮಾತು ಹೇಳಿ ಕೂತುಬಿಡಬಹುದಿತ್ತು.

"ನನಗ ವಾಸಿ ಆಗಿಲ್ರಿ" ಎಂದೆ. "ಕಡಿಮಿ ಆಗ್ಯದ. ಪೂರಾ ಹೋಗಂಗಿಲ್ಲಂತ. ಎಷ್ಟ ದಿನ ಅಂತ ಯಾರಿಗೂ ಗೊತ್ತಿಲ್ಲ. ಇವತ್ತು ನಿಮ್ಮ ಮುಂದ ನಿಂತೀನಿ, ಅಷ್ಟರಿ ನನ್ನ ಸಾಕ್ಷಿ."

ಹಲ್ಲೆಲೂಯ ಎನ್ನಲು ಬಾಯಿ ತೆರೆದವರು ಹಾಗೇ ಮುಚ್ಚಿದರು. ಪಾಲಕರು ಹಾಡಿನ ನಂಬರು ಹುಡುಕತೊಡಗಿದರು. ಆಗ ಅತ್ತೆ ಹೆಂಗಸರ ಸಾಲಿನಿಂದ ಎದ್ದರು. ನನ್ನ ಪಕ್ಕ ಬಂದು ನಿಂತು, ಕೈ ಹಿಡಿದು, ಕಣ್ಣು ಮುಚ್ಚಿದರು.

"ಸ್ವಾಮಿ, ಪೂರಾ ವಾಸಿ ಮಾಡು ಅಂತ ಇನ್ನ ಕೇಳಂಗಿಲ್ಲ. ಡಾಕ್ಟರಬಾಯಿ ಹೇಳ್ಯಾರ. ಮುಂದಿನ ಔಷಧ ಸಿಗೋತನಾ ಇಕಿನ್ನ ಇಡು. ಅಷ್ಟ ಸಾಕು."

ಆಮೆನ್ ಎಂದು ಸಭೆ ಹೇಳಿತು. ನನಗೆ ಹೇಳಲಾಗಲಿಲ್ಲ. ಬೀದರಿನಲ್ಲಿ ರಿಪೋರ್ಟು ಕೇಳಿದಾಗ, ಆಪರೇಶನ್‌ಗೆ ಒಳಗೆ ಒಯ್ದಾಗ, ಕೊರಳಲ್ಲಿ ಗಡ್ಡೆ ಸಿಕ್ಕಾಗ ಆಗದಷ್ಟು ಭಯ ನನಗೆ ಆಗ ಆಯಿತು. ಮನೆಯಲ್ಲಿ ನಾನು ಪೂರಾ ವಾಸಿಯಾಗುತ್ತೇನೆಂದು ಖಾತ್ರಿಯಿದ್ದವರು ಅವರೊಬ್ಬರೇ ಇದ್ದರು. ಸರಿಯಾಗಿ ಕೇಳುವುದನ್ನು ಅವರಿಗೆ ಕಲಿಸಿದವಳು ನಾನು.

ಚರ್ಚಿನಿಂದ ಮನೆಯತನಕ ಇಬ್ಬರೇ ನಡೆದೆವು. ಬಿಸಿಲಿತ್ತು. ಅತ್ತೆ ತಮ್ಮ ಸೆರಗಿನ ನೆರಳು ನನ್ನ ತಲೆಗೂ ಬೀಳುವ ಹಾಗೆ ಹಿಡಿದಿದ್ದರು. ಬಜಾರಿನ ತಿರುವಿನಲ್ಲಿ ನಾನು ನಿಂತುಬಿಟ್ಟೆ.

"ಅತ್ತೀ, ಗುರುವಾರ ಕೂಟದಾಗ ನೀವು ಮೊದಲಿನಂಗ ಕೇಳ್ರಿ."

"ಏನಂತ?"

"ಪೂರಾ ಹೋಗ್ಲಿ ಅಂತ."

ಅವರು ನನ್ನ ಮುಖವನ್ನೇ ನೋಡಿದರು. "ಹೋಗಂಗಿಲ್ಲ ಅಂತ ಅವರು ಹೇಳ್ಯಾರಲ್ಲವ್ವಾ."

"ಗೊತ್ತದರಿ. ಆದ್ರೂ ಕೇಳ್ರಿ."